ಓಣಿಯ ತಿರುವಿನಲ್ಲಿ ನಿಲ್ಲುವವರು

ಮುಧೋಳ ಸೀಮೆಯ ಹಲಗಲಿಯಲ್ಲಿ 1857ರ ನವೆಂಬರ್ ಕೊನೆಯಲ್ಲಿ ನಡೆದದ್ದು ಬಯಲಿನ ಯುದ್ಧವಲ್ಲ, ಓಣಿಯ ಕಾಳಗ. ಮನೆಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಕಾಯ್ದೆಗೆ ಅಲ್ಲಿಯ ಬೇಡರು ತಲೆಬಾಗಲಿಲ್ಲ. ಹನಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳು. ಮಂಟೂರು, ಬೋದನಿ, ಅಲಗುಂಡಿಗಳ ಕಡೆಯಿಂದಲೂ ಜನ ಬಂದು ಕೂಡಿಕೊಂಡರು. ನವೆಂಬರ್ 29ರಂದು ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ಬಂದಿತು. ಬೇಡರು ತಮ್ಮ ಮನೆಗಳನ್ನೇ ಕೋಟೆ ಮಾಡಿಕೊಂಡು ಕಾದಿದರು. ಮರುದಿನ ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ, ಒಟ್ಟು 19 ಜನರನ್ನು ನೇಣಿಗೇರಿಸಲಾಯಿತು. ಈ ಕಥೆಯನ್ನು ಕುರ್ತಕೋಟಿ ಕಲ್ಮೇಶನ ಲಾವಣಿ ಊರೂರಿಗೆ ಒಯ್ದಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಇಂದಿಗೂ ಉಳಿದಿದೆ.

ಹಲಗಲಿಯ ಶೌರ್ಯದ ಬಗ್ಗೆ, ಅಲ್ಲಿ ನಡೆದ ಕ್ರೌರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆ ಕಾಳಗದ ಇನ್ನೊಂದು ಮಗ್ಗುಲಿನ ಕಡೆಗೆ ಗಮನ ಹರಿದದ್ದು ಕಡಿಮೆ. ಬಯಲಿನಲ್ಲಿ ಕುದುರೆಯ ಮೇಲೆ ಕುಳಿತ ಅಧಿಕಾರಿಗೆ ತನ್ನ ದಂಡಿನ ಎರಡು ತುದಿಗಳೂ ಕಾಣುತ್ತವೆ. ಕಹಳೆ ಊದಿದರೆ ಕೇಳುತ್ತದೆ, ನಿಶಾನೆ ಬೀಸಿದರೆ ಕಾಣುತ್ತದೆ. ಅದೇ ದಂಡು ಅಗಸಿ ದಾಟಿ ಊರೊಳಗೆ ಹೊಕ್ಕಿತೆಂದರೆ ಹತ್ತು ಜನ ಒಂದು ಓಣಿಗೆ, ಹತ್ತು ಜನ ಇನ್ನೊಂದು ಓಣಿಗೆ ಹಂಚಿಹೋಗುತ್ತಾರೆ. ಗೋಡೆಯ ಆಚೆ ಇರುವವನು ತಮ್ಮವನೋ ಹಗೆಯೋ ಗೊತ್ತಾಗುವುದಿಲ್ಲ. ಒಳಗಿದ್ದು ಕಾದುವವರಿಗೂ ಅಷ್ಟೆ: ಮೇಲಿನ ಓಣಿ ಬಿದ್ದ ಸುದ್ದಿ ಕೆಳಗಿನ ಓಣಿಗೆ ತಲುಪುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಸೈನ್ಯಗಳು ಊರನ್ನು ಸುಟ್ಟು ಗೆಲ್ಲುವ ದಾರಿ ಹಿಡಿಯುವುದಕ್ಕೆ ಸಿಟ್ಟು ಒಂದು ಕಾರಣವಾದರೆ, ಈ ಕುರುಡುತನ ಇನ್ನೊಂದು.

ಈ ಕುರುಡುತನವನ್ನು ನೀಗಿಸಲು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಎಂಜಿನಿಯರುಗಳು ಒಂದು ವಿಚಿತ್ರ ಯಂತ್ರವನ್ನು ಕಟ್ಟಲು ಹೊರಟರು. ಅದು ಗುಂಡು ಹಾರಿಸುವುದಿಲ್ಲ, ಬಾಂಬು ಹುಡುಕುವುದಿಲ್ಲ. ಓಣಿಯ ತಿರುವಿನಲ್ಲಿ ಹೋಗಿ ನಿಲ್ಲುವುದೇ ಅದರ ಕೆಲಸ. ಅಲ್ಲಿ ನಿಂತು, ಈ ಕಡೆಯ ಸೈನಿಕನ ಮಾತನ್ನು ಆ ಕಡೆಯವನಿಗೆ ದಾಟಿಸುತ್ತದೆ. ಅದರ ಕಥೆಗೆ ಬರುವ ಮೊದಲು, ಆ ತಿರುವಿನಲ್ಲಿ ಹಿಂದೆ ಯಾರು ಯಾರು ನಿಂತಿದ್ದರೆಂದು ನೋಡಬೇಕು.

ಗೋಡೆಗೂ ನಿಸ್ತಂತುವಿಗೂ ಇರುವ ವೈರ ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆ, ಒಳಗೆ ಮಗ್ಗ. ಮೊಬೈಲು ನಡುಮನೆಯಲ್ಲಿ ಮೂಕವಾಗುತ್ತದೆ, ಮಾಳಿಗೆ ಹತ್ತಿದರೆ ಮಾತಾಡುತ್ತದೆ. ಇನ್ನೊಂದು ಅನುಭವವೂ ಎಲ್ಲರಿಗಿದೆ: ಒಂದು ಜಾಗದಲ್ಲಿ ಸಿಗ್ನಲ್ ಇಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಇದೆ. ಇದು ಭ್ರಮೆಯಲ್ಲ. ಓಣಿಯಲ್ಲಿ ರೇಡಿಯೊ ತರಂಗ ನೇರವಾಗಿ ಬರುವುದಿಲ್ಲ. ಎದುರಿನ ಗೋಡೆಗೆ, ತಗಡಿನ ಬಾಗಿಲಿಗೆ, ನಿಂತ ಟ್ರ್ಯಾಕ್ಟರಿಗೆ ಬಡಿದು ಹಲವು ದಾರಿಗಳಲ್ಲಿ ಬರುತ್ತದೆ. ಹೀಗೆ ಬಂದ ತರಂಗಗಳು ಒಂದೆಡೆ ಒಂದಕ್ಕೊಂದು ಕೂಡಿ ಬಲವಾಗುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. ಇಂದಿನ ವೈಫೈ ಬಳಸುವ ತರಂಗಗಳಲ್ಲಿ ಒಂದರ ಉದ್ದ ಸುಮಾರು 12 ಸೆಂಟಿಮೀಟರ್. ಹಾಗಾಗಿ ಒಂದು ಗೇಣಿನಷ್ಟು ಸರಿದರೂ ಸತ್ತ ಜಾಗದಿಂದ ಜೀವಂತ ಜಾಗಕ್ಕೆ ಬರಬಹುದು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಯಂತ್ರದ ಜೀವಾಳವೇ ಇದು.

ನಿಸ್ತಂತು ಬರುವ ಮೊದಲು, ಬಂದಮೇಲೂ ಬಹಳ ಕಾಲ, ಸೈನ್ಯದ ಮಾತನ್ನು ಒಯ್ದದ್ದು ಕಾಲುಗಳು. ನಮ್ಮ ಸೀಮೆಯ ಸಂಸ್ಥಾನಗಳಲ್ಲಿ ಜಾಸೂದರಿದ್ದರು, ಊರಲ್ಲಿ ಓಲೆಕಾರನಿದ್ದ. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನ ಸೈನ್ಯಗಳು ಮೈಲಿಗಟ್ಟಲೆ ಟೆಲಿಫೋನ್ ತಂತಿ ಎಳೆದವು. ಶೆಲ್ಲುಗಳು ಬಿದ್ದಂತೆ ತಂತಿಗಳು ತುಂಡಾದವು. ತಂತಿ ಕಡಿದಾಗ ಉಳಿದ ಉಪಾಯ ಒಂದೇ: ಕಾಗದವನ್ನು ಒಬ್ಬನ ಕೈಯಲ್ಲಿ ಕೊಟ್ಟು ಓಡಿಸುವುದು. ಗುಂಡಿನ ಮಳೆಯಲ್ಲಿ ಓಡಿದ ಆ ಜನರಲ್ಲಿ ಎಷ್ಟೋ ಮಂದಿ ತಲುಪಲಿಲ್ಲ. ಒಬ್ಬ ಬೀಳಬಹುದೆಂದು ಒಂದೇ ಸಂದೇಶವನ್ನು ಇಬ್ಬರ ಕೈಯಲ್ಲಿ ಬೇರೆ ಬೇರೆ ದಾರಿಯಲ್ಲಿ ಕಳಿಸುವುದೂ ಇತ್ತು.

ಈ ಸಾವುಗಳನ್ನು ಕಡಿಮೆ ಮಾಡಲು ಬ್ರಿಟಿಷ್ ಸೈನ್ಯ ನಾಯಿಯ ಕಡೆಗೆ ತಿರುಗಿತು. ಎಡ್ವಿನ್ ರಿಚರ್ಡ್‌ಸನ್ ಎಂಬ ಅಧಿಕಾರಿ 1917ರಲ್ಲಿ ಇಂಗ್ಲೆಂಡಿನ ಶೂಬರಿನೆಸ್ ಎಂಬಲ್ಲಿ ಯುದ್ಧನಾಯಿಗಳ ಶಾಲೆ ತೆರೆದ. ಅವನ ಉಪಾಯ ಸರಳವಾಗಿತ್ತು. ನಾಯಿಯನ್ನು ಸಾಕಿದವನು ಹಿಂದಿನ ಠಾಣ್ಯದಲ್ಲಿರುತ್ತಾನೆ. ಬೇರೆ ಸೈನಿಕರು ಅದನ್ನು ಮುಂಚೂಣಿಗೆ ಹಿಡಿದುಕೊಂಡು ಹೋಗುತ್ತಾರೆ. ಸುದ್ದಿ ಕಳಿಸಬೇಕಾದಾಗ ಕೊರಳಿನ ಸಣ್ಣ ಡಬ್ಬಿಯಲ್ಲಿ ಕಾಗದವಿಟ್ಟು ಬಿಡುತ್ತಾರೆ. ನಾಯಿ ತನ್ನ ಒಡೆಯನನ್ನು ಹುಡುಕಿಕೊಂಡು ಓಡುತ್ತದೆ. ತಾನು ಸೈನ್ಯದ ಸುದ್ದಿ ಒಯ್ಯುತ್ತಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಅದು ಮನೆಗೆ ಹೋಗುತ್ತಿದೆ, ಅಷ್ಟೆ. ಮುಂಚೂಣಿಯ ಸೈನಿಕರು ಅದಕ್ಕೆ ತಿನ್ನಲು ಕೊಡಬಾರದು, ಮುದ್ದು ಮಾಡಬಾರದು ಎಂಬ ಕಟ್ಟುನಿಟ್ಟು ಇತ್ತು. ಕೊಟ್ಟರೆ ಅದು ಅಲ್ಲೇ ಉಳಿಯಲು ನೋಡುತ್ತಿತ್ತು. ಸಾವಿನ ನೆರಳಿನಲ್ಲಿ ಕುಳಿತವರಿಗೆ ಪಕ್ಕದ ನಾಯಿಯ ತಲೆ ಸವರಬೇಡಿ ಎಂದು ಹೇಳಬೇಕಾದ ಅಧಿಕಾರಿಯ ಪಾಡು ಯಾರಿಗೂ ಬೇಡ. ಸುದ್ದಿ ಒಯ್ಯುವುದಕ್ಕಲ್ಲದೆ, ಬೆನ್ನ ಮೇಲೆ ಉರುಳೆ ಕಟ್ಟಿಕೊಂಡು ತಂತಿ ಬಿಚ್ಚುತ್ತ ಓಡುವುದಕ್ಕೂ ನಾಯಿಗಳನ್ನು ಪಳಗಿಸಿದ್ದುಂಟು.

ನಾಯಿಯ ಮಾತು ಬಂದಮೇಲೆ ಮುಧೋಳವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮುಧೋಳ, ಬೀಳಗಿ, ಜಮಖಂಡಿ ಭಾಗದ ಹಳ್ಳಿಗಳಲ್ಲಿ ಸಾಕುವ ಉದ್ದ ಕಾಲಿನ, ತೆಳ್ಳನೆ ಹೊಟ್ಟೆಯ ಬೇಟೆನಾಯಿ ಇಂದು ದೇಶಕ್ಕೆಲ್ಲ ಪರಿಚಿತ. ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳನ್ನು ಆಯ್ದು ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ತಳಿ ಬೆಳೆಸಿದರೆಂದೂ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟಾಗ ಊರಿನ ಹೆಸರೇ ನಾಯಿಗೆ ನಿಂತಿತೆಂದೂ ಪ್ರತೀತಿ. ಕೇಂದ್ರ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿಯ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಭಾರತೀಯ ಸೇನೆ ಅಲ್ಲಿಯವರೆಗೆ ನೆಚ್ಚಿಕೊಂಡದ್ದು ಹೆಚ್ಚಾಗಿ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಂಥ ಪರದೇಶಿ ತಳಿಗಳನ್ನು. ಆಮೇಲೆ ಗಡಿ ಭದ್ರತಾ ಪಡೆಯೂ ಮುಧೋಳ ನಾಯಿಗಳನ್ನು ಪಳಗಿಸಿತು. ಅದರ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಸ್ಪರ್ಧೆಯಲ್ಲಿ ಜಾಡು ಹಿಡಿಯುವ ವಿಭಾಗದ ಬಹುಮಾನ ಗೆದ್ದಿತು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಒಂದು ಮಾತನ್ನು ಹೇಳಲೇಬೇಕು. ಓಟದ ನಾಯಿಯೆಂದ ಮಾತ್ರಕ್ಕೆ ಅದು ಒಳ್ಳೆಯ ಸಂದೇಶವಾಹಕ ಆಗುತ್ತಿತ್ತೆಂದು ಹೇಳಲಾಗದು. ಮುಧೋಳದ್ದು ಕಣ್ಣಿನ ಬೇಟೆಗಾರ ತಳಿ. ದೂರದಲ್ಲಿ ಅಲುಗುವ ಜೀವವನ್ನು ಕಂಡು ಅದರ ಬೆನ್ನು ಹತ್ತುವುದು ಅದರ ರಕ್ತದಲ್ಲೇ ಇದೆ. ಎರಿ ಹೊಲದಲ್ಲಿ ಮೊಲ ಎದ್ದರೆ ಕೊರಳಿನ ಕಾಗದ ಮರೆತೀತು. ರಿಚರ್ಡ್‌ಸನ್ ಕೂಡ ಶುದ್ಧ ಬೇಟೆನಾಯಿಗಳನ್ನು ಮೆಚ್ಚಲಿಲ್ಲ. ಕುರಿ ಕಾಯುವ ಕೋಲಿ, ಏರ್‌ಡೇಲ್, ಓಟದ ನಾಯಿಗೂ ಕುರಿನಾಯಿಗೂ ಹುಟ್ಟಿದ ಮಿಶ್ರ ತಳಿ, ಇವು ಅವನ ಆಯ್ಕೆ. ವೇಗಕ್ಕಿಂತ ಅವನು ಬೆಲೆ ಕೊಟ್ಟದ್ದು ದಾರಿ ತಪ್ಪದ ಹಟಕ್ಕೆ. ಇಂದು ಮುಧೋಳದ ನಾಯಿಗೆ ಸಿಕ್ಕಿರುವ ಕೆಲಸ ಕಾವಲು, ಜಾಡು, ಪತ್ತೆ. ಸಂದೇಶ ಒಯ್ಯುವ ನಾಯಿಯ ಕಾಲ ಅದು ಸೈನ್ಯಕ್ಕೆ ಸೇರುವ ಬಹಳ ಮೊದಲೇ ಮುಗಿದಿತ್ತು.

ಮುಗಿಸಿದ್ದು ರೇಡಿಯೊ. ಎರಡನೆಯ ಮಹಾಯುದ್ಧದಲ್ಲಿ ಸೈನಿಕ ಬೆನ್ನಿಗೆ ಕಟ್ಟಿಕೊಂಡು ನಡೆಯಬಲ್ಲ ರೇಡಿಯೊ ಬಂದಿತು. ಬಯಲಿನಲ್ಲಿ ಮೈಲಿಗಟ್ಟಲೆ ಕೇಳಿಸುವ ಮಾತು ಊರೊಳಗೆ ಹೊಕ್ಕಾಗ ಏನಾಗುತ್ತದೆಂಬುದನ್ನು 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಪಟ್ಟಣ ತೋರಿಸಿಕೊಟ್ಟಿತು. 17ರಂದು ಬ್ರಿಟಿಷರ ಛತ್ರಿಸೈನಿಕರು ಪಟ್ಟಣದ ಹೊರಗೆ ಇಳಿದರು. ಕರ್ನಲ್ ಫ್ರಾಸ್ಟ್‌ನ ಕೈಕೆಳಗಿನ ಸುಮಾರು 740 ಜನ ರೈನ್ ನದಿಯ ಸೇತುವೆಯ ಒಂದು ತುದಿಯನ್ನು ತಲುಪಿದರು. ಗಿಡಗಂಟಿ, ಮನೆಗಳ ನಡುವೆ ರೇಡಿಯೊಗಳು ಕೈಕೊಟ್ಟವು. ಫ್ರಾಸ್ಟ್‌ಗೂ ಉಳಿದ ಪಡೆಗೂ ಸಂಪರ್ಕ ಕಡಿಯಿತು. ಮಾತು ಹೋಗುತ್ತಿಲ್ಲವೆಂದು ದಂಡಿನ ಜನರಲ್ ಅರ್ಕಹಾರ್ಟ್ ಖುದ್ದಾಗಿ ಮುಂದೆ ಹೊರಟ. ಓಣಿಯಲ್ಲಿ ಜರ್ಮನರು ಎದುರಾದಾಗ ಒಂದು ಮನೆಯ ಅಟ್ಟದಲ್ಲಿ ಅವಿತು ರಾತ್ರಿ ಕಳೆಯಬೇಕಾಯಿತು. ಅವನಿಗೆ ದಂಡಿನ ಸುದ್ದಿಯಿಲ್ಲ, ದಂಡಿಗೆ ಅವನ ಸುದ್ದಿಯಿಲ್ಲ. 19ರಂದು ಬಿಟ್ಟ ಒಂದು ಪಾರಿವಾಳ 260 ಮೈಲಿ ಹಾರಿ, ನಾಲ್ಕೂವರೆ ತಾಸಿಗೂ ಕಡಿಮೆ ಹೊತ್ತಿನಲ್ಲಿ ಇಂಗ್ಲೆಂಡ್ ಮುಟ್ಟಿತು. ಸಮುದ್ರದಾಚೆಗೆ ಸುದ್ದಿ ಹೋಯಿತು, ಊರಿನ ಆ ತುದಿಗೆ ಹೋಗಲಿಲ್ಲ. ಸೇತುವೆಯ ಪ್ರತಿರೋಧ 21ರ ಹೊತ್ತಿಗೆ ಮುಗಿದುಹೋಯಿತು. ಆರ್ನೆಮ್ ಸೋಲಿಗೆ ರೇಡಿಯೊ ಒಂದೇ ಕಾರಣವಲ್ಲ. ಆದರೆ ಮಾತು ಕಡಿದ ದಂಡು ಹೇಗೆ ಹತ್ತು ತುಂಡಾಗುತ್ತದೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಪರಿಹಾರ ಹಳೆಯದೇ. ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವ ಹಾಗೆ, ತಿರುವು ತಿರುವಿಗೆ ಒಬ್ಬ ರೇಡಿಯೊದವನನ್ನು ನಿಲ್ಲಿಸಿದರೆ ಮಾತು ಗೋಡೆ ಸುತ್ತಿಕೊಂಡು ಹೋಗುತ್ತದೆ. ಆದರೆ ಹಾಗೆ ನಿಂತವನು ಹಗೆಯ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಕಾದುವ ಜನರಲ್ಲಿ ಅರ್ಧದಷ್ಟು ಮಾತು ದಾಟಿಸುವುದಕ್ಕೇ ಬೇಕಾಗುತ್ತಾರೆ. ಅವನ ಬದಲು ಯಂತ್ರ ನಿಂತರೆ ಹೇಗೆ?

2000ದ ದಶಕದ ಮೊದಲ ವರ್ಷಗಳಲ್ಲಿ ಸ್ಯಾನ್ ಡಿಯಾಗೋದ ಅಮೆರಿಕನ್ ನೌಕಾಪಡೆಯ ಪ್ರಯೋಗಾಲಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮುಂದೆ ಒಂದು ರೋಬೋಟ್, ಅದರ ಹಿಂದೆ ಮರಿಗಳಂತೆ ನಾಲ್ಕಾರು ಸಣ್ಣ ರೋಬೋಟ್‌ಗಳು. ಸಿಗ್ನಲ್ ಕುಗ್ಗುತ್ತ ಬಂದಾಗ ಸಾಲಿನ ಕೊನೆಯದು ತಾನಾಗಿ ನಿಂತು ಕೊಂಡಿಯಾಗುತ್ತದೆ, ಉಳಿದವು ಮುಂದೆ ಸಾಗುತ್ತವೆ. 2007ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಇದನ್ನೇ ಸೈನಿಕನ ಚೀಲಕ್ಕಿಳಿಸುವ ಯೋಜನೆ ಪ್ರಕಟಿಸಿತು. ಅದರ ಹೆಸರು ಲ್ಯಾನ್‌ಡ್ರಾಯ್ಡ್ಸ್. ಕಸ ಗುಡಿಸುವ ರೋಬೋಟ್‌ನಿಂದ ಮನೆಮಾತಾಗಿದ್ದ ಐರೋಬೋಟ್ ಕಂಪನಿಗೆ 2008ರಲ್ಲಿ ಇದಕ್ಕಾಗಿ 25 ಲಕ್ಷ ಡಾಲರುಗಳ ಗುತ್ತಿಗೆ ಸಿಕ್ಕಿತು. ಅದು ಕಟ್ಟಿದ ಯಂತ್ರ ಸಣ್ಣ ಪುಸ್ತಕದಷ್ಟು, ಟ್ಯಾಂಕಿನಂಥ ಪಟ್ಟಿಗಾಲಿಗಳು. ಸೈನಿಕ ಇಂಥ ಹಲವನ್ನು ಹೊತ್ತು ನಡೆಯುತ್ತ ದಾರಿಯುದ್ದಕ್ಕೂ ಬಿಟ್ಟುಹೋಗಬೇಕು. ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿರಬೇಕು, ಕಳೆದುಹೋದರೆ ದುಃಖಪಡುವಂತಿರಬಾರದು ಎಂಬುದು ಗುರಿ.

ಹಾಗಾದರೆ ಒಂದು ಸಾದಾ ರೇಡಿಯೊ ಪೆಟ್ಟಿಗೆಯನ್ನೇ ಮೂಲೆಯಲ್ಲಿಟ್ಟು ಹೋದರಾಗದೆ, ಅದಕ್ಕೇಕೆ ಕಾಲು ಎಂದು ಯಾರಾದರೂ ಕೇಳಬಹುದು. ಉತ್ತರ ಬನಹಟ್ಟಿಯ ನಡುಮನೆಯ ಅನುಭವದಲ್ಲೇ ಇದೆ. ಅವಸರದಲ್ಲಿ ಓಡುವ ಸೈನಿಕ ಪೆಟ್ಟಿಗೆಯನ್ನಿಟ್ಟ ಜಾಗ ಸತ್ತ ಜಾಗವಾಗಿರಬಹುದು. ಕಾಲಿದ್ದರೆ ಅದು ತಾನೇ ಒಂದು ಗೇಣು ಆಚೆ, ಒಂದು ಗೇಣು ಈಚೆ ಸರಿದು ಬಲವಾದ ಜಾಗ ಹುಡುಕಿಕೊಳ್ಳುತ್ತದೆ. ಸೈನಿಕರು ಮುಂದಿನ ಓಣಿಗೆ ಹೋದರೆ ಇಡೀ ಸಾಲು ಹಿಗ್ಗಬೇಕು. ಒಂದು ಯಂತ್ರ ಸತ್ತರೆ ಅಕ್ಕಪಕ್ಕದವು ಸರಿದು ಆ ಖಾಲಿ ಜಾಗ ತುಂಬಬೇಕು. ಇದನ್ನು ಯಾರೂ ಕುಳಿತು ನಡೆಸುವುದಿಲ್ಲ. ಪ್ರತಿಯೊಂದೂ ತನ್ನ ನೆರೆಯದರ ಸಿಗ್ನಲ್ ಎಷ್ಟಿದೆಯೆಂದು ಅಳೆದು ತಾನೇ ನಿರ್ಧರಿಸುತ್ತದೆ. ಅಲೆಯುವುದಕ್ಕೆ ಬ್ಯಾಟರಿ ಬಹಳ ಬೇಕು, ನಿಂತು ಮಾತು ದಾಟಿಸುವುದಕ್ಕೆ ಕಡಿಮೆ. ಆದುದರಿಂದ ಜಾಣ ಯಂತ್ರ ಸ್ವಲ್ಪವೇ ಚಲಿಸುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ರಿಚರ್ಡ್‌ಸನ್‌ನ ನಾಯಿಗೆ ತದ್ವಿರುದ್ಧ. ನಾಯಿ ಸುದ್ದಿಯನ್ನು ಹೊತ್ತು ಓಡುತ್ತಿತ್ತು. ಇದು ನಿಂತಲ್ಲೇ ನಿಲ್ಲುತ್ತದೆ, ಓಡುವುದು ಮಾತು.

ಪ್ರಯೋಗಗಳು ನಡೆದವು. ಆದರೆ ಇಂಥ ಯಂತ್ರಗಳು ಸೈನಿಕರ ಚೀಲದ ಸಾಮಾನ್ಯ ಸಾಮಗ್ರಿಯಾಗಲಿಲ್ಲ. ಓಣಿಯ ನೆಲ ಪ್ರಯೋಗಾಲಯದ ನೆಲವಲ್ಲ: ಮೆಟ್ಟಿಲು, ಕಲ್ಲುರಾಶಿ, ಗಟಾರ. ಅಷ್ಟರಲ್ಲಿ ಹಾರುವ ಡ್ರೋನ್‌ಗಳು ಅಗ್ಗವಾದವು, ಮಾಳಿಗೆಗಳ ಮೇಲೆ ನಿಂತು ಅದೇ ಕೆಲಸ ಮಾಡತೊಡಗಿದವು. ಯುಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಡ್ರೋನ್‌ಗಳ ಸಿಗ್ನಲ್ಲನ್ನು ಒಂದು ಡ್ರೋನ್‌ನಿಂದ ಇನ್ನೊಂದಕ್ಕೆ ದಾಟಿಸಿದರು. ಎರಡೂ ಕಡೆಯವರು ನಿಸ್ತಂತುವನ್ನು ಗದ್ದಲದಿಂದ ಅಡಗಿಸುವ ಯಂತ್ರಗಳನ್ನೂ ತಂದರು. ಆಗ ಬಂದದ್ದು ಮತ್ತೆ ತಂತಿ! 2024ರಿಂದ ಅಲ್ಲಿ ಕೂದಲೆಳೆಯಂಥ ಗಾಜಿನ ದಾರವನ್ನು ಬಿಚ್ಚುತ್ತ ಹಾರುವ ಡ್ರೋನ್‌ಗಳು ಹೇರಳವಾದವು. ಬೆನ್ನ ಮೇಲೆ ಉರುಳೆ ಕಟ್ಟಿಕೊಂಡ ನಾಯಿಯನ್ನು ರಿಚರ್ಡ್‌ಸನ್ ಕಂಡಿದ್ದ. ಇದನ್ನು ಕಂಡಿದ್ದರೂ ಅವನಿಗೆ ಪೂರಾ ಹೊಸದೆನಿಸುತ್ತಿರಲಿಲ್ಲ.

ನಮ್ಮಲ್ಲಿ ರೋಬೋಟ್ ಮತ್ತು ಸೈನ್ಯದ ಸಂಪರ್ಕಜಾಲ, ಎರಡನ್ನೂ ಒಂದೇ ಸೂರಿನಡಿ ಅಭ್ಯಸಿಸುವ ಸಂಸ್ಥೆ ಬೆಂಗಳೂರಿನಲ್ಲಿ 1986ರಲ್ಲೇ ಹುಟ್ಟಿತು: ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದ, ಕೃತಕ ಬುದ್ಧಿಮತ್ತೆ ಮತ್ತು ರೋಬೋಟ್ ವಿಜ್ಞಾನದ ಕೇಂದ್ರ. ಸೈನ್ಯಕ್ಕೆ ರೇಡಿಯೊ ಕಟ್ಟುವ ಭಾರತ್ ಎಲೆಕ್ಟ್ರಾನಿಕ್ಸ್ 1954ರಿಂದಲೂ ಅದೇ ಊರಿನದು. 2025ರ ಜನವರಿ 15ರಂದು ಪುಣೆಯಲ್ಲಿ ನಡೆದ ಸೇನಾ ದಿನದ ಪಥಸಂಚಲನದಲ್ಲಿ ನಾಲ್ಕು ಕಾಲಿನ ರೋಬೋಟ್‌ಗಳು ಹೆಜ್ಜೆ ಹಾಕಿದವು. ಅದೇ ತಿಂಗಳ 24ರಂದು, ರಣರಂಗದ ನಾನಾ ಕಣ್ಣುಗಳಿಂದ ಬರುವ ಮಾಹಿತಿಯನ್ನು ಒಟ್ಟುಗೂಡಿಸಿ ಅಧಿಕಾರಿಯ ಮುಂದಿಡುವ ವ್ಯವಸ್ಥೆಯೊಂದನ್ನು ದೆಹಲಿಯಲ್ಲಿ ಸೇವೆಗೆ ಬಿಡಲಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಸೇನೆ ಸೇರಿ ರೂಪಿಸಿದ ಅದಕ್ಕೆ ಇಟ್ಟ ಹೆಸರು ಸಂಜಯ. ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಂಡು ಕುರುಡು ದೊರೆಗೆ ಹೇಳಿದವನ ನೆನಪಿನಲ್ಲಿ ಇಟ್ಟ ಹೆಸರು ಸರಿಯೇ. ಆದರೆ ಮುಧೋಳ ತನ್ನ ಮಗನೆಂದು ಹೇಳಿಕೊಳ್ಳುವ ರನ್ನ ‘ಗದಾಯುದ್ಧ’ದಲ್ಲಿ ತೋರಿಸುವ ಸಂಜಯ ಬೇರೆ. ಅಲ್ಲಿ ಅವನು ಸೋತ ದುರ್ಯೋಧನನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದಿವ್ಯದೃಷ್ಟಿಗಿಂತ ಕಾಲಿನ ಮೇಲೆ ಹೆಚ್ಚು ನೆಚ್ಚಿದ ಸಂಜಯ ಅವನು. ಓಣಿಕಾಳಗದ ಎಂಜಿನಿಯರುಗಳಿಗೆ ರನ್ನನ ಸಂಜಯನೇ ಹತ್ತಿರದವನು ಎನ್ನಬೇಕು.

ಈ ಯಂತ್ರಗಳ ವರ್ಣನೆಗಳಲ್ಲಿ ಓಣಿ ಯಾವಾಗಲೂ ಖಾಲಿಯಾಗಿರುತ್ತದೆ: ಗೋಡೆ, ಸೈನಿಕ, ಸಿಗ್ನಲ್, ಅಷ್ಟೆ. ನಿಜವಾದ ಓಣಿಯಲ್ಲಿ ಜನ ಇರುತ್ತಾರೆ. ಹಲಗಲಿಯಲ್ಲಿ ಬೆಂಕಿ ಬಿದ್ದಾಗ ಮನೆಯೊಳಗೆ ಇದ್ದವರೆಲ್ಲ ಬಂದೂಕು ಹಿಡಿದವರಲ್ಲ. ಮಾತು ಕಡಿಯದ ದಂಡು ಹಾದಿಬೀದಿಯವರ ಮೇಲೆ ಗುಂಡು ಹಾರಿಸುವುದು ಕಡಿಮೆಯಾದೀತು, ತನ್ನವರನ್ನೇ ಕೊಲ್ಲುವುದಂತೂ ಖಂಡಿತ ಕಡಿಮೆಯಾದೀತು ಎಂಬ ವಾದದಲ್ಲಿ ಹುರುಳಿದೆ. ಅದೇ ಕೊಂಡಿ ಊರನ್ನು ಮುತ್ತಿದವನ ಕೈಯನ್ನು ಇನ್ನಷ್ಟು ಉದ್ದ ಮಾಡುತ್ತದೆ ಎಂಬುದೂ ಅಷ್ಟೇ ನಿಜ. ಇನ್ನು, ನೂರು ಡಾಲರಿನ, ಪಟ್ಟಿಗಾಲಿಯ, ತಾನಾಗಿ ಸರಿಯುವ ಆಟಿಗೆಯಂಥ ಒಂದು ವಸ್ತು ರಬಕವಿಯ ಯಾವುದಾದರೂ ಓಣಿಯ ತಿರುವಿನಲ್ಲಿ ನಿಂತಿತೆನ್ನಿ. ಅರ್ಧ ತಾಸಿನೊಳಗೆ ಒಬ್ಬ ಹುಡುಗ ಅದನ್ನು ಎತ್ತಿ ಅಂಗಿಯೊಳಗಿಟ್ಟುಕೊಂಡು ಮನೆಗೆ ಓಡಿರುತ್ತಾನೆ. ಆಗ ಆ ಸಾಲಿನ ಉಳಿದ ಯಂತ್ರಗಳು ಒಂದು ಕೊಂಡಿ ಸತ್ತಿತೆಂದು ಲೆಕ್ಕ ಹಾಕಿ ಸರಿದು ನಿಲ್ಲುತ್ತವೆ. ಅದನ್ನು ಹುಡುಕಿಕೊಂಡು ಬರುವ ಸೈನಿಕ ಯಾವ ಬಾಗಿಲು ಬಡಿಯುತ್ತಾನೆ, ಬಡಿದಾಗ ಒಳಗಿನವರಿಗೆ ಏನು ಹೇಳುತ್ತಾನೆ ಎಂಬುದು ಯಂತ್ರ ಕಟ್ಟಿದವರ ಲೆಕ್ಕದಲ್ಲಿ ಇರುವುದಿಲ್ಲ.